ಪೊರೆಯುವ ಪೊರೆ

ಕನ್ನಡದಲ್ಲಿ ‘ಪೊರೆ’ ಎಂಬ ಮಾತಿಗೆ ಎರಡು ಬಾಳುಗಳಿವೆ. ಹಾವು ಕಳಚುವುದು ಪೊರೆ, ವಯಸ್ಸಾದವರ ಕಣ್ಣಿಗೆ ಬರುವುದು ಪೊರೆ. ಇದು ನಾಮಪದದ ಬಾಳು: ತೆಳುವಾದದ್ದು, ಮೇಲೆ ಹೊದ್ದದ್ದು, ಕೆಲವೊಮ್ಮೆ ಕಿತ್ತು ಎಸೆಯಬೇಕಾದದ್ದು. ಹಳಗನ್ನಡದಿಂದ ಬಂದ ಕ್ರಿಯಾಪದ ‘ಪೊರೆ’ಗೆ ಸಲಹು, ಸಾಕು, ಕಾಪಾಡು ಎಂಬ ಅರ್ಥಗಳು. ದೇವರ ಮುಂದೆ ನಿಂತಾಗ ಇಂದಿಗೂ ನಮ್ಮ ಬಾಯಿಗೆ ಬರುವುದು ಈ ಎರಡನೆಯ ಪೊರೆಯೇ. ನಿಘಂಟುಗಳು ಇವನ್ನು ಬೇರೆ ಬೇರೆ ನಮೂದುಗಳಾಗಿ ಕೊಡುತ್ತವೆ. ಎರಡೂ ಒಂದೇ ಬೇರಿನವು ಎಂದು ವಾದಿಸಲು ನಾನು ಹೊರಟಿಲ್ಲ. ಆದರೆ ಮನುಷ್ಯ ದೇಹದಲ್ಲಿ ಈ ಎರಡು ಅರ್ಥಗಳೂ ಒಂದೇ ವಸ್ತುವಿಗೆ ಸಲ್ಲುವ ಒಂದು ಜಾಗವಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಬೇಸ್‌ಮೆಂಟ್ ಮೆಂಬ್ರೇನ್ ಎನ್ನುತ್ತಾರೆ. ನಾನು ‘ತಳಪೊರೆ’ ಎಂದು ಬರೆಯುತ್ತೇನೆ.

ನಮ್ಮ ಚರ್ಮದ ಮೇಲ್ಪದರ, ಕರುಳಿನ ಒಳಗೋಡೆ, ಶ್ವಾಸಕೋಶದ ಗಾಳಿಚೀಲಗಳು, ಮೂತ್ರಪಿಂಡದ ಸೋಸುಗ, ರಕ್ತನಾಳಗಳು, ಎಲ್ಲದರಲ್ಲೂ ಜೀವಕೋಶಗಳು ಒತ್ತೊತ್ತಾಗಿ ಸಾಲುಗಟ್ಟಿ ಕೂತಿರುತ್ತವೆ. ಆ ಸಾಲು ಕೂತಿರುವ ಚಾಪೆಯೇ ತಳಪೊರೆ. ಸಾಮಾನ್ಯವಾಗಿ ಅದರ ದಪ್ಪ 50ರಿಂದ 100 ನ್ಯಾನೋಮೀಟರ್. ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲು ಎಂದರೆ ಹೆಚ್ಚು ತಪ್ಪಾಗದು. ಅದರಲ್ಲಿ ಜೀವಕೋಶಗಳಿಲ್ಲ. ಜೀವಕೋಶಗಳು ತಾವೇ ಹೊರಹಾಕಿದ ಪ್ರೋಟೀನುಗಳ ನೇಯ್ಗೆ ಅದು. ನಾಲ್ಕನೆಯ ಬಗೆಯ ಕೊಲಾಜೆನ್ ಒಂದು ಬಲೆ, ಲ್ಯಾಮಿನಿನ್ ಇನ್ನೊಂದು ಬಲೆ. ನಿಡೋಜೆನ್ ಮತ್ತು ಪರ್ಲೆಕಾನ್ ಎಂಬವು ಎರಡನ್ನೂ ಹೆಣೆಯುವ ಕೊಂಡಿಗಳು. ತಾಯಿಯ ಹೊಟ್ಟೆಯಲ್ಲಿ ಮಗುವಿನ ಒಂದೊಂದು ಅಂಗವೂ ಆಕಾರ ಪಡೆಯುವಾಗ ಈ ನೇಯ್ಗೆ ಬದಲಾಗುತ್ತಾ ಹೋಗುತ್ತದೆ. ಯಾವ ವಾರದಲ್ಲಿ, ಯಾವ ಅಂಗದಲ್ಲಿ, ಯಾವ ಎಳೆ ಬಂದು ಯಾವ ಎಳೆ ಹೋಯಿತು ಎಂಬುದನ್ನು ವಿಜ್ಞಾನಿಗಳು ಬಹುಮಟ್ಟಿಗೆ ಗುರುತಿಸಿದ್ದಾರೆ.

ನನ್ನ ಪಿಎಚ್.ಡಿ. ವಿಜ್ಞಾನದ ಚರಿತ್ರೆಯಲ್ಲಿ. ಹಾಗಾಗಿ ನನ್ನನ್ನು ಕಾಡಿದ್ದು ಪ್ರೋಟೀನಿಗಿಂತ ಹೆಚ್ಚಾಗಿ ಒಂದು ಸಾಮಾನ್ಯ ಪ್ರಶ್ನೆ: ಇದನ್ನೆಲ್ಲ ತಿಳಿಯಲು ಬೇಕಾದ ಸಾಮಗ್ರಿ ಎಲ್ಲಿಂದ ಬಂತು? ಬೆಳೆಯುತ್ತಿರುವ ಮನುಷ್ಯ ಅಂಗ ಯಾರ ಕೈಗೆ ಹೇಗೆ ಸಿಕ್ಕಿತು?

ಹಳೆಯದರಿಂದ ಶುರು ಮಾಡಬೇಕೆಂದರೆ ಸುಶ್ರುತ ಸಂಹಿತೆಯ ಶಾರೀರಸ್ಥಾನಕ್ಕೆ ಹೋಗಬೇಕು. ಅದರ ನಾಲ್ಕನೆಯ ಅಧ್ಯಾಯ ಗರ್ಭದ ಬೆಳವಣಿಗೆಗೆ ಮೀಸಲು. ಹಾಲು ಕಾಯುವಾಗ ಕೆನೆ ಕಟ್ಟುವ ಹಾಗೆ ಗರ್ಭದಲ್ಲಿ ಚರ್ಮದ ಏಳು ಪದರಗಳು ಕಟ್ಟುತ್ತವೆ ಎಂದು ಅಲ್ಲಿದೆ. ಎಲ್ಲಕ್ಕಿಂತ ಹೊರಗಿನ ಪದರಕ್ಕೆ ಭತ್ತದ ಕಾಳಿನ ಹದಿನೆಂಟನೆಯ ಒಂದು ಪಾಲು ದಪ್ಪ ಎಂದು ಅಳತೆಯನ್ನೂ ಕೊಟ್ಟಿದೆ. ಜೊತೆಗೆ ‘ಕಲಾ’ ಎಂಬ ಏಳು ಪೊರೆಗಳ ಮಾತು ಬರುತ್ತದೆ: ಮಾಂಸಧರಾ, ರಕ್ತಧರಾ, ಮೇದೋಧರಾ ಹೀಗೆ. ಧಾತುಗಳಿಗೂ ಅವುಗಳ ಆಶಯಗಳಿಗೂ ನಡುವಿನ ಗಡಿಗಳು ಇವು. ಇದನ್ನು ಓದಿದ ತಕ್ಷಣ ‘ನಮ್ಮವರು ಆಗಲೇ ತಳಪೊರೆಯನ್ನು ಕಂಡಿದ್ದರು’ ಎಂದು ಹೇಳುವ ಆಸೆ ಕೆಲವರಿಗಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಾಗೆ ಹೇಳುವವರು ಇದ್ದೇ ಇದ್ದಾರೆ. ಆದರೆ ಹೆಣವನ್ನು ಏಳು ರಾತ್ರಿ ನೀರಿನಲ್ಲಿಟ್ಟು, ಕೊಳೆತ ಮೇಲೆ ಕುಂಚದಿಂದ ಉಜ್ಜುತ್ತಾ ಪದರ ಪದರವಾಗಿ ನೋಡುವ ಕ್ರಮ ಅದೇ ಗ್ರಂಥದಲ್ಲಿದೆ. ಹಾಗೆ ಬರಿಗಣ್ಣಿಗೆ ಕಾಣುವುದು ಎಷ್ಟೋ ಅಷ್ಟು. ಭತ್ತದ ಕಾಳಿನ ಹದಿನೆಂಟನೆಯ ಪಾಲಿಗೂ ನೂರು ನ್ಯಾನೋಮೀಟರಿಗೂ ಸಾವಿರ ಪಟ್ಟಿಗೂ ಮೀರಿದ ಅಂತರ. ಸುಶ್ರುತನಿಗೆ ಸಲ್ಲಬೇಕಾದ ಗೌರವ ಬೇರೆಯದು: ದೇಹವೆಂದರೆ ಅಂಗಗಳ ಗಂಟಲ್ಲ, ಗಡಿಗಳ ವ್ಯವಸ್ಥೆಯೂ ಹೌದು ಎಂದು ಯೋಚಿಸಿದ್ದು. ಆ ಗಡಿ ಗರ್ಭದಲ್ಲೇ ಬೀಳುತ್ತದೆ ಎಂದದ್ದು. ಅಡುಗೆಮನೆಯ ಕೆನೆಯನ್ನು ಅದಕ್ಕೆ ಉಪಮೆಯಾಗಿ ತಂದದ್ದು ನನಗೆ ಇನ್ನೂ ಇಷ್ಟ.

ಆಧುನಿಕ ಕಥೆ ಚುಟುಕಾಗಿ ಹೇಳಬಹುದು. 1840ರ ದಶಕದಲ್ಲಿ ಲಂಡನ್ನಿನ ವಿಲಿಯಂ ಬೋಮನ್ ಸೂಕ್ಷ್ಮದರ್ಶಕದಲ್ಲಿ ಸ್ನಾಯು, ಮೂತ್ರಪಿಂಡಗಳನ್ನು ನೋಡುತ್ತಾ ಜೀವಕೋಶಗಳ ಕೆಳಗಿನ ಈ ತೆಳುಗೆರೆಯನ್ನು ವಿವರಿಸಿದ. ಸುಮಾರು ನೂರು ವರ್ಷ ಅದು ಗೆರೆಯಾಗಿಯೇ ಉಳಿಯಿತು. 1940ರ ದಶಕದಲ್ಲಿ ಬಂದ ಒಂದು ಬಣ್ಣ ಅದನ್ನು ಕೆನ್ನೇರಳೆಯಾಗಿ ತೋರಿಸಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಗೆರೆಯೊಳಗೆ ಗೆರೆಗಳು ಕಂಡವು. ಆದರೆ ಅದು ಯಾವುದರಿಂದ ಆಗಿದೆ ಎಂದು ತಿಳಿಯಲು ಕೈತುಂಬ ಸಾಮಗ್ರಿ ಬೇಕು. ಇಷ್ಟು ತೆಳುವಾದದ್ದನ್ನು ಕೈತುಂಬ ತರುವುದು ಹೇಗೆ?

ಉತ್ತರ ಬಂದದ್ದು ಪ್ರಾಣಿಗಳಿಂದ. 1966ರಲ್ಲಿ ನಿಕೋಲಸ್ ಕೆಫಾಲಿಡೆಸ್ ನಾಯಿಯ ಮೂತ್ರಪಿಂಡದ ಸೋಸುಗಗಳಿಂದ ಒಂದು ವಿಚಿತ್ರ ಕೊಲಾಜೆನ್ನನ್ನು ಬೇರ್ಪಡಿಸಿದ. ಮರುವರ್ಷ ರಾಬರ್ಟ್ ಸ್ಪೈರೋ ದನದ ಮೂತ್ರಪಿಂಡಗಳಿಂದ ಇದೇ ಕೆಲಸ ಮಾಡಿದ. ಕುರಿಯ ಕಣ್ಣಿನ ಮಸೂರದ ಕೋಶವೂ ಕೆಲಸಕ್ಕೆ ಬಂತು. ಆಮೇಲೆ ಇಲಿಯಲ್ಲಿ ಬೆಳೆಯುವ ಒಂದು ಗೆಡ್ಡೆ ಸಿಕ್ಕಿತು. ಎಂಗೆಲ್ಬ್ರೆತ್, ಹೋಮ್, ಸ್ವಾರ್ಮ್ ಎಂಬ ಹೆಸರುಗಳ ಮೊದಲಕ್ಷರಗಳಿಂದ ಇ.ಎಚ್.ಎಸ್. ಗೆಡ್ಡೆ ಎಂದು ಹೆಸರಾದ ಅದನ್ನು ಮೊದಲು ಮೃದ್ವಸ್ಥಿಯ ಗೆಡ್ಡೆ ಎಂದುಕೊಂಡಿದ್ದರು. ಅದು ರಾಶಿ ರಾಶಿ ತಳಪೊರೆಯನ್ನು ಸುರಿಸುತ್ತಿದೆ ಎಂದು 1977ರಲ್ಲಿ ಗೊತ್ತಾಯಿತು. 1979ರಲ್ಲಿ ರೂಪರ್ಟ್ ಟಿಂಪಲ್ ಮತ್ತು ಜೊತೆಗಾರರು ಆ ಗೆಡ್ಡೆಯಿಂದಲೇ ಒಂದು ದೊಡ್ಡ ಪ್ರೋಟೀನನ್ನು ಹೊರತೆಗೆದು ಲ್ಯಾಮಿನಿನ್ ಎಂದು ಕರೆದರು. ಜಗತ್ತಿನ ಪ್ರಯೋಗಾಲಯಗಳಲ್ಲಿ ಜೀವಕೋಶಗಳನ್ನು ಬೆಳೆಸಲು ಹಾಸುವ ಜೆಲ್ಲಿ ಈಗಲೂ ಬಹುಮಟ್ಟಿಗೆ ಆ ಗೆಡ್ಡೆಯ ಸಂತತಿಯಿಂದಲೇ ಬರುತ್ತದೆ.

ಅದೇ 1979ರಲ್ಲಿ, ಮನುಷ್ಯರ ನಾಲ್ಕನೆಯ ಬಗೆಯ ಕೊಲಾಜೆನ್ನನ್ನು ಬೇರ್ಪಡಿಸಿದ ಪ್ರಬಂಧಗಳೂ ಬಂದವು. ಅವರು ಬಳಸಿದ ಸಾಮಗ್ರಿ ಹೆರಿಗೆಯ ನಂತರ ಬೀಳುವ ಮಾಸು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮೂರು ಅಂತರಘಟ್ಟೆ. ಚಿಕ್ಕಮಗಳೂರು ಜಿಲ್ಲೆಯ ಬಯಲು ಭಾಗ; ಹೊರಗಿನವರಿಗೆ ದುರ್ಗಾಂಬೆಯ ಜಾತ್ರೆಯಿಂದ, ಆ ಜಾತ್ರೆಗೆ ಬರುವ ಎತ್ತಿನ ಗಾಡಿಗಳಿಂದ ಗೊತ್ತು. ಹತ್ತಿರದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ದನ ನಮ್ಮ ಕಡೆಯ ಮಾತಿನ ತುಂಬ ಇದೆ. ಹಸು ಗರ್ಭ ಕಳೆದುಕೊಂಡರೆ ‘ಕಂದು ಹಾಕಿತು’ ಎನ್ನುತ್ತೇವೆ. ಹೆಂಗಸಿಗಾದರೆ ‘ಹೊಟ್ಟೆ ಇಳೀತು’ ಎಂದು ದನಿ ತಗ್ಗಿಸಿ ಹೇಳುತ್ತೇವೆ. ಮಾಸಿಗೆ ನಮ್ಮ ಹೆಂಗಸರು ಹೇಳುವ ಮಾತು ‘ಕಸ’. ಕರು ಹಾಕಿದ ಮೇಲೆ ‘ಕಸ ಬಿತ್ತಾ’ ಎಂದು ಕೇಳುವುದು ಕರುವನ್ನು ಹೋರಿಯೋ ಕಡಸೋ ಎಂದು ವಿಚಾರಿಸುವಷ್ಟೇ ಮುಖ್ಯ. ಬೀಳದಿದ್ದರೆ ಹಸುವಿನ ಜೀವಕ್ಕೆ ಸಂಚಕಾರ. ಹಾಗೆ ಬಿದ್ದ ಕಸವನ್ನು ನಾಯಿಗೆ ಸಿಗದಂತೆ ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ಪದ್ಧತಿ ಕರ್ನಾಟಕದ ಹಲವೆಡೆ ಇದೆ. ಆಲ ಹಾಲು ಸುರಿಸುವ ಮರವಾದ್ದರಿಂದ ಹಸುವೂ ಹಾಲು ಸುರಿಸಲಿ ಎಂಬುದು ನಂಬಿಕೆ. ಮನುಷ್ಯರದ್ದಾದರೆ ಮನೆಯ ಹಿತ್ತಲಲ್ಲಿ ಹೂಳುತ್ತಿದ್ದರು. ಅಂದರೆ ಹೆಸರು ಕಸ, ನಡವಳಿಕೆ ಮಾತ್ರ ಕಸಕ್ಕೆ ತೋರುವಂಥದ್ದಲ್ಲ.

ಆಸ್ಪತ್ರೆಯಲ್ಲಿ ಈ ಸಮೀಕರಣ ತಲೆಕೆಳಗಾಯಿತು. ಅಲ್ಲಿ ಮಾಸಿಗೆ ಲ್ಯಾಟಿನ್ ಹೆಸರು ಬಂತು, ಆದರೆ ಅದು ನಿಜಕ್ಕೂ ತ್ಯಾಜ್ಯವಾಯಿತು. ತ್ಯಾಜ್ಯವಾದ್ದರಿಂದಲೇ ಪ್ರಯೋಗಾಲಯಕ್ಕೆ ಸುಲಭವಾಗಿ ಸಿಕ್ಕಿತು. ಮನುಷ್ಯ ದೇಹದ ಅತ್ಯಂತ ಮೂಲಭೂತವಾದ ಪೊರೆಯ ರಸಾಯನಶಾಸ್ತ್ರ, ಹೆರಿಗೆ ಕೋಣೆಯಿಂದ ಹೊರಗೆ ಹೋಗುವ ಬಕೆಟ್ಟಿನಿಂದ ಬಂತು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಆದರೆ ವಿಜ್ಞಾನದ ಚರಿತ್ರೆ ಬರೆಯುವಾಗ ಆ ಬಕೆಟ್ಟಿಗೂ ಒಂದು ಪುಟ ಇರಬೇಕು.

ಮಾಸಾದರೆ ಎಲ್ಲ ಹೆರಿಗೆಯಲ್ಲೂ ಸಿಗುತ್ತದೆ. ಭ್ರೂಣ ಹಾಗಲ್ಲ. ಭ್ರೂಣದ ಅಂಗ ವಿಜ್ಞಾನಿಯ ಕೈಗೆ ಬರಬೇಕಾದರೆ ಎಲ್ಲೋ ಒಬ್ಬ ಹೆಂಗಸಿನ ಬಸಿರು ನಿಂತಿರಬೇಕು ಅಥವಾ ಅವಳೇ ಸತ್ತಿರಬೇಕು. 1887ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಫ್ರಾಂಕ್ಲಿನ್ ಮಾಲ್ ಎಂಬ ಅಂಗರಚನಾ ಶಾಸ್ತ್ರಜ್ಞನಿಗೆ ಒಂದು ಭ್ರೂಣ ಸಿಕ್ಕಿತು. ಆಮೇಲೆ ಅವನು ಊರೂರಿನ ವೈದ್ಯರಿಗೆ ಪತ್ರ ಬರೆದು ಭ್ರೂಣಗಳನ್ನು ತರಿಸಿಕೊಳ್ಳತೊಡಗಿದ. 1914ರಲ್ಲಿ ಕಾರ್ನೆಗಿ ಸಂಸ್ಥೆ ಇದಕ್ಕಾಗಿಯೇ ಒಂದು ವಿಭಾಗ ತೆರೆಯಿತು. ಸಂಗ್ರಹ ಸಾವಿರಾರಕ್ಕೆ ಬೆಳೆಯಿತು. ಬಸಿರಿನ ಮೊದಲ ಎಂಟು ವಾರಗಳನ್ನು ಇಂದು ವೈದ್ಯ ವಿದ್ಯಾರ್ಥಿಗಳು 23 ಹಂತಗಳಾಗಿ ಓದುತ್ತಾರಲ್ಲ, ಆ ‘ಕಾರ್ನೆಗಿ ಹಂತ’ಗಳು ಈ ಸಂಗ್ರಹದಿಂದ ಹುಟ್ಟಿದವು. ಅಲ್ಲಿ ಭ್ರೂಣಗಳಿಗೆ ಸಂಖ್ಯೆಯಿತ್ತು, ಕಳಿಸಿದ ವೈದ್ಯರ ಹೆಸರಿತ್ತು. ಹೊತ್ತ ಹೆಂಗಸು ಸಾಮಾನ್ಯವಾಗಿ ಒಂದು ವಯಸ್ಸು, ಒಂದು ಕೊನೆಯ ಮುಟ್ಟಿನ ದಿನಾಂಕ, ಅಷ್ಟೇ.

ಇನ್ನೂ ಎಳೆಯ ಭ್ರೂಣಗಳು ಬಂದದ್ದು ಬಾಸ್ಟನ್ ಪಕ್ಕದ, ಬಡ ಹೆಂಗಸರಿಗಾಗಿ ನಡೆಯುತ್ತಿದ್ದ ಒಂದು ಉಚಿತ ಆಸ್ಪತ್ರೆಯಿಂದ. 1938ರಿಂದ ಸುಮಾರು ಹದಿನೈದು ವರ್ಷ, ಅಲ್ಲಿ ಜಾನ್ ರಾಕ್ ಮತ್ತು ಆರ್ಥರ್ ಹರ್ಟಿಗ್ ಎಂಬ ವೈದ್ಯರು ಗರ್ಭಕೋಶ ತೆಗೆಸಿಕೊಳ್ಳಬೇಕಿದ್ದ ಹೆಂಗಸರ ಶಸ್ತ್ರಚಿಕಿತ್ಸೆಯ ದಿನವನ್ನು ಅಂಡಾಣು ಬಿಡುಗಡೆಯ ದಿನಕ್ಕೆ ಹೊಂದಿಸಿದರು. ಗಂಡನೊಂದಿಗೆ ಕೂಡಿದ ದಿನಗಳನ್ನು ಬರೆದಿಡಲು ಅವರಿಗೆ ಹೇಳಿದ್ದರು. ಹೀಗೆ ಸಿಕ್ಕ 34 ಭ್ರೂಣಗಳ ವಿವರ 1956ರಲ್ಲಿ ಪ್ರಕಟವಾಯಿತು. ಎಲ್ಲವೂ ಮೊದಲ 17 ದಿನಗಳೊಳಗಿನವು. ಮನುಷ್ಯ ಬದುಕಿನ ಮೊದಲ ಎರಡು ವಾರಗಳ ಬಗ್ಗೆ ಪಠ್ಯಪುಸ್ತಕಗಳಲ್ಲಿರುವ ಚಿತ್ರಗಳು ಬಹುಪಾಲು ಅವುಗಳದ್ದೇ. ಆ ಹೆಂಗಸರಿಗೆ ತಾವು ಏನನ್ನು ಕೊಟ್ಟೆವು ಎಂಬುದು ಎಷ್ಟರಮಟ್ಟಿಗೆ ತಿಳಿದಿತ್ತು ಎಂಬುದು ಇಂದಿಗೂ ಚರಿತ್ರಕಾರರ ನಡುವಿನ ಚರ್ಚೆ. ನಮ್ಮ ಕಾಲೇಜುಗಳ ಅಂಗರಚನಾ ವಸ್ತುಸಂಗ್ರಹಾಲಯಗಳಲ್ಲಿ ಜಾಡಿಗಳ ಮೇಲೆ ‘12 ವಾರ’, ‘20 ವಾರ’ ಎಂಬ ಚೀಟಿಗಳನ್ನು ಕಂಡಾಗಲೆಲ್ಲ ನನಗೆ ಆ ಮುಟ್ಟಿನ ದಿನಾಂಕಗಳೇ ನೆನಪಾಗುತ್ತವೆ.

ತಳಪೊರೆಯ ಪ್ರೋಟೀನುಗಳಿಗೆ ಬಣ್ಣ ಹಚ್ಚುವ ಪ್ರತಿಕಾಯಗಳು ತಯಾರಾದ ಮೇಲೆ, ಅಂದರೆ 1980ರ ನಂತರ, ಹಳೆಯ ಪ್ರಶ್ನೆಗಳಿಗೆ ಹೊಸ ಕಣ್ಣು ಬಂತು. ಮೊದಲು ಇಲಿಗಳಲ್ಲಿ ನೋಡಿದರು. ಫಿನ್ಲೆಂಡಿನ ಇಲ್ಮೋ ಲೈವೋ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದಂತೆ, ಇಲಿಯ ಭ್ರೂಣ ಇನ್ನೂ ಹದಿನಾರು ಜೀವಕೋಶಗಳ ಉಂಡೆಯಾಗಿರುವಾಗಲೇ ಅದರೊಳಗೆ ಲ್ಯಾಮಿನಿನ್ ಕಾಣಿಸಿಕೊಳ್ಳುತ್ತದೆ. ಹೃದಯವಿಲ್ಲ, ತಲೆಬಾಲವಿಲ್ಲ, ಒಳಗೆ ಹೊರಗೆ ಎಂಬುದು ಆಗಷ್ಟೇ ಶುರುವಾಗುತ್ತಿದೆ. ಚಾಪೆಯ ನೂಲು ಮಾತ್ರ ಸಿದ್ಧ. ಮನುಷ್ಯ ಭ್ರೂಣದ ಮೂತ್ರಪಿಂಡ, ಶ್ವಾಸಕೋಶಗಳ ಬಗ್ಗೆ 1990ರ ದಶಕದಲ್ಲಿ ಹೆಲ್ಸಿಂಕಿಯ ಇಸ್ಮೋ ವಿರ್ಟನೆನ್ ಅವರ ಗುಂಪು ಸರಣಿಯಾಗಿ ಬರೆಯಿತು.

ಆ ಮೂತ್ರಪಿಂಡದ ಸೀಳುಚಿತ್ರಗಳೇ ನನ್ನನ್ನು ಈ ವಿಷಯಕ್ಕೆ ಎಳೆದವು. ಬಸಿರಿನ ಐದನೆಯ ವಾರದಲ್ಲಿ ಶುರುವಾಗುವ ಮೂತ್ರಪಿಂಡ ಒಳಗಿನಿಂದ ಹೊರಕ್ಕೆ ಬೆಳೆಯುತ್ತದೆ. ಹೊಸ ಸೋಸುಗಗಳು ಹೊರ ಅಂಚಿನಲ್ಲಿ ಹುಟ್ಟುತ್ತಾ, ಹಳೆಯವು ಒಳಗೆ ಉಳಿಯುತ್ತವೆ. ಸುಮಾರು 36ನೆಯ ವಾರಕ್ಕೆ ಹುಟ್ಟುವುದು ನಿಲ್ಲುತ್ತದೆ. ಆಮೇಲೆ ಜೀವನಪೂರ್ತಿ ಹೊಸದಿಲ್ಲ. ಹಾಗಾಗಿ ಐದು ತಿಂಗಳ ಪಿಂಡದ ಮೂತ್ರಪಿಂಡದ ಒಂದೇ ಸೀಳಿನಲ್ಲಿ ಎಲ್ಲ ವಯಸ್ಸಿನ ಸೋಸುಗಗಳೂ ಸಾಲಾಗಿ ಸಿಗುತ್ತವೆ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಕಲ್ಲಿನ ಕೊಡಲಿಯ ಕಾಲ, ಕಬ್ಬಿಣದ ಕಾಲ, ಶಾತವಾಹನರ ಕಾಲ ಒಂದರ ಮೇಲೊಂದು ಪದರವಾಗಿ ಸಿಕ್ಕಿದ್ದವಲ್ಲ, ಹಾಗೆ. ಇಲ್ಲಿ ಅಗೆಯುವ ಗುದ್ದಲಿ ಬದಲು ಬಣ್ಣ. ಎಳೆಯ ಸೋಸುಗಗಳಲ್ಲಿ ನಾಲ್ಕನೆಯ ಕೊಲಾಜೆನ್ನಿನ ಆಲ್ಫಾ-1, ಆಲ್ಫಾ-2 ಎಂಬ ಸರಪಣಿಗಳ ಬಲೆ ಇರುತ್ತದೆ. ಸೋಸುಗದೊಳಗೆ ರಕ್ತನಾಳದ ಕುಣಿಕೆಗಳು ಮೂಡುವ ಹೊತ್ತಿಗೆ ಆಲ್ಫಾ-3, 4, 5 ಸರಪಣಿಗಳ ಹೊಸ ಬಲೆ ಬಂದು ಹಳೆಯದನ್ನು ಬಹುಮಟ್ಟಿಗೆ ಪಕ್ಕಕ್ಕೆ ಸರಿಸುತ್ತದೆ. ಹೊಸ ಬಲೆಯಲ್ಲಿ ಕೊಂಡಿಗಳು ಹೆಚ್ಚು. ಜೀವನಪೂರ್ತಿ ರಕ್ತದ ಒತ್ತಡ ತಡೆಯಬೇಕಾದ್ದು ಅದು. ಲ್ಯಾಮಿನಿನ್ನಿನಲ್ಲೂ ಹೀಗೆಯೇ ಒಂದು ಬದಲಾವಣೆ ನಡೆಯುತ್ತದೆ.

ಪೊರೆ ಸುಮ್ಮನೆ ಬಿದ್ದಿರುವ ಚಾಪೆಯೂ ಅಲ್ಲ ಎಂಬುದು ಇದೇ ಕಾಲದಲ್ಲಿ ಖಚಿತವಾಯಿತು. 1970ರ ದಶಕದಲ್ಲಿ ಮರ್ಟನ್ ಬರ್ನ್‌ಫೀಲ್ಡ್ ಮತ್ತು ಎಸ್. ಡಿ. ಬ್ಯಾನರ್ಜಿ ಇಲಿಯ ಭ್ರೂಣದ ಜೊಲ್ಲುಗ್ರಂಥಿಯ ಮೇಲೆ ಕೆಲಸ ಮಾಡಿ, ಗ್ರಂಥಿ ಕವಲೊಡೆದ ಆಕಾರ ಉಳಿಸಿಕೊಳ್ಳಲು ಈ ಪದರ ಬೇಕೇಬೇಕು ಎಂದು ತೋರಿಸಿದರು. 1988ರಲ್ಲಿ ಪೀಟರ್ ಎಕ್‌ಬ್ಲೂಮ್ ಅವರ ಗುಂಪು ಬೆಳೆಯುತ್ತಿದ್ದ ಮೂತ್ರಪಿಂಡದಲ್ಲಿ ಲ್ಯಾಮಿನಿನ್ನಿನ ಒಂದು ತುದಿಯನ್ನು ಪ್ರತಿಕಾಯದಿಂದ ಮುಚ್ಚಿತು. ಜೀವಕೋಶಗಳಿಗೆ ತಮ್ಮ ಮೇಲು ಯಾವುದು ಕೆಳಗು ಯಾವುದು ಎಂಬುದು ತಿಳಿಯದೆ ಹೋಯಿತು.

ಈಗ ಒಂದು ಮನೆತನದ ಮಾತು. 1927ರಲ್ಲಿ ಲಂಡನ್ನಿನ ವೈದ್ಯ ಸೆಸಿಲ್ ಆಲ್ಪೋರ್ಟ್ ಒಂದು ಕುಟುಂಬದ ಬಗ್ಗೆ ಬರೆದ. ತಲೆಮಾರು ತಲೆಮಾರಿಗೆ ಅವರ ಮೂತ್ರದಲ್ಲಿ ರಕ್ತ, ಕಿವುಡು. ಗಂಡುಮಕ್ಕಳು ಎಳೆಯ ವಯಸ್ಸಿಗೇ ಮೂತ್ರಪಿಂಡ ಸೋತು ಸಾಯುತ್ತಿದ್ದರು, ಹೆಣ್ಣುಮಕ್ಕಳು ಬಹುಕಾಲ ಬದುಕುತ್ತಿದ್ದರು. ಕೆಲವು ರೋಗಿಗಳಲ್ಲಿ ಕಣ್ಣಿನ ಮಸೂರವೂ ಮುಂದಕ್ಕೆ ಉಬ್ಬುತ್ತದೆ ಎಂದು ಆಮೇಲೆ ತಿಳಿಯಿತು. ಮೂತ್ರಪಿಂಡ, ಕಿವಿ, ಕಣ್ಣು: ಮೂರಕ್ಕೂ ಏನು ಸಂಬಂಧ? ಈ ಒಗಟು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಇತ್ತು. 1990ರಲ್ಲಿ ದೋಷ ಎಕ್ಸ್ ವರ್ಣತಂತುವಿನ ಮೇಲಿರುವ ಆಲ್ಫಾ-5 ಸರಪಣಿಯ ಜೀನಿನಲ್ಲಿದೆ ಎಂದು ಗೊತ್ತಾಯಿತು. ಗಂಡುಮಕ್ಕಳಿಗೆ ಎಕ್ಸ್ ಒಂದೇ. ಅದಕ್ಕೇ ಅವರಿಗೆ ಪೆಟ್ಟು ಹೆಚ್ಚು. ಮೂರು ಅಂಗಗಳಿಗೂ ಸಾಮಾನ್ಯವಾದದ್ದು ಆಲ್ಫಾ-3, 4, 5ರ ಬಲೆ. 1997ರಲ್ಲಿ ರಘು ಕಲ್ಲೂರಿ ಮತ್ತು ಬಿಲ್ಲಿ ಹಡ್ಸನ್ ಅವರ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ಈ ರೋಗಿಗಳ ಸೋಸುಗದಲ್ಲಿ ಭ್ರೂಣಕಾಲದ ಬಲೆಯೇ ಉಳಿದುಬಿಟ್ಟಿದೆ, ಬದಲಾವಣೆ ನಡೆದೇ ಇಲ್ಲ. ಆ ಹಳೆಯ ಬಲೆ ಕಿಣ್ವಗಳ ದಾಳಿಗೆ ಬೇಗ ಸವೆಯುತ್ತದೆ ಎಂದು ತೋರಿಸಿತು.

ಹುಡುಗನಿಗೆ ಹದಿನೈದು ವರ್ಷ. ಅವನ ಮೂತ್ರಪಿಂಡದ ಪೊರೆ ಮಾತ್ರ ಇನ್ನೂ ತಾಯಿಯ ಹೊಟ್ಟೆಯ ಕಾಲದ್ದು. ಚರಿತ್ರೆಯ ವಿದ್ಯಾರ್ಥಿಯಾಗಿ ನಾನು ಓದಿದ ಎಷ್ಟೋ ‘ಸ್ಥಿತ್ಯಂತರ’ದ ಸಿದ್ಧಾಂತಗಳಿಗಿಂತ ಈ ಒಂದು ಪ್ರಬಂಧ ನನ್ನನ್ನು ಹೆಚ್ಚು ಹೊತ್ತು ಕೂರಿಸಿತು. ಮಗುವಿನ ಮೂತ್ರದಲ್ಲಿ ರಕ್ತ ಕಂಡು ಬೆಂಗಳೂರಿಗೋ ಮಣಿಪಾಲಕ್ಕೋ ಓಡುವ ತಾಯಿಗೆ ಈಗ ಜೀನ್ ಪರೀಕ್ಷೆಯಿಂದ ಉತ್ತರ ಸಿಗಬಹುದು. ಬೇಗ ಗೊತ್ತಾದರೆ ರಕ್ತದೊತ್ತಡದ ಮಾತ್ರೆಗಳಿಂದಲೇ ಡಯಾಲಿಸಿಸ್ಸನ್ನು ವರ್ಷಗಟ್ಟಲೆ ಮುಂದೂಡಬಹುದು. ಆ ಉತ್ತರದ ಹಿಂದೆ ದನದ ಮೂತ್ರಪಿಂಡಗಳೂ ಹೆಸರಿಲ್ಲದ ಪಿಂಡಗಳೂ ಇವೆ.

ಕಣ್ಣಿನ ಮಾತಿಗೆ ಬಂದರೆ, ಕನ್ನಡ ಇಲ್ಲೊಂದು ತಮಾಷೆ ಮಾಡುತ್ತದೆ. ನಮ್ಮಜ್ಜಿ ‘ಪೊರೆ ತೆಗೆಸಿಕೊಂಡು ಬಂದೆ’ ಎಂದಾಗ ನಿಜಕ್ಕೂ ತೆಗೆದದ್ದು ಪೊರೆಯನ್ನಲ್ಲ, ಮಬ್ಬಾದ ಮಸೂರದ ತಿರುಳನ್ನು. ಈಗಿನ ಶಸ್ತ್ರಚಿಕಿತ್ಸೆಯಲ್ಲಿ ಮಸೂರದ ಸುತ್ತಲಿನ ಕೋಶವನ್ನು ಮುಂಭಾಗದಲ್ಲಿ ದುಂಡಗೆ ಕತ್ತರಿಸಿ, ಉಳಿದದ್ದನ್ನು ಜೋಪಾನವಾಗಿ ಹಾಗೇ ಬಿಟ್ಟು, ಅದರೊಳಗೆ ಪ್ಲಾಸ್ಟಿಕ್ ಮಸೂರವನ್ನು ಕೂರಿಸುತ್ತಾರೆ. ಆ ಕೋಶವೇ ದೇಹದ ಅತಿ ದಪ್ಪನೆಯ ತಳಪೊರೆ. ಅದರ ನೇಯ್ಗೆ ಶುರುವಾದದ್ದು ಬಸಿರಿನ ಐದನೆಯ ವಾರದ ಹೊತ್ತಿಗೆ, ಮಸೂರ ಇನ್ನೂ ಒಂದು ಗುಳ್ಳೆಯಾಗಿದ್ದಾಗ. ಅಜ್ಜಿಯ ಹೊಸ ಮಸೂರವನ್ನು ಹಿಡಿದು ನಿಲ್ಲಿಸಿರುವುದು ಅವಳು ಹುಟ್ಟುವ ಮೊದಲೇ ನೇಯತೊಡಗಿದ ಚೀಲ. ತೆಗೆದದ್ದಕ್ಕೆ ಪೊರೆ ಎಂದೆವು, ಪೊರೆಯುತ್ತಿರುವುದಕ್ಕೆ ಊರಲ್ಲಿ ಹೆಸರೇ ಇಲ್ಲ.

ಈ ಚರಿತ್ರೆಯ ಇತ್ತೀಚಿನ ಒಂದು ಪುಟ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮ್‌ರಾಯ್ ಭಟ್ ಅವರ ಪ್ರಯೋಗಾಲಯ 2021ರಲ್ಲಿ ಅಂಡಾಶಯದ ಕ್ಯಾನ್ಸರ್ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿತು. ಈ ಕ್ಯಾನ್ಸರಿನಲ್ಲಿ ಹೊಟ್ಟೆಯೊಳಗೆ ತುಂಬಿಕೊಳ್ಳುವ ನೀರಿನಲ್ಲಿ ಜೀವಕೋಶಗಳ ಪುಟ್ಟ ಉಂಡೆಗಳು ತೇಲುತ್ತವೆ, ಹೋದಲ್ಲಿ ಬೇರೂರುತ್ತವೆ. ಸಂಶೋಧಕರು ಅಂಥ ಉಂಡೆಗಳಲ್ಲಿ ಎರಡು ರೂಪ ಕಂಡರು. ಮೊದಲನೆಯದು ಗಂಟುಗಂಟಾದ ಹಣ್ಣಿನ ಹಾಗೆ. ಅದು ಮಾಗಿ ನುಣುಪಾದ, ಒಳಗೆ ಟೊಳ್ಳಿರುವ ಎರಡನೆಯ ರೂಪವಾಗುತ್ತದೆ. ಹೆಸರಿಡುವಾಗ ಅವರಿಗೆ ಒದಗಿದ್ದು ಭ್ರೂಣದ ಮೊದಲ ವಾರದ ಪದಗಳು: ‘ಮೊರುಲಾಯ್ಡ್’, ‘ಬ್ಲಾಸ್ಟುಲಾಯ್ಡ್’. ಎರಡನೆಯ ರೂಪದ ಮೇಲೆ ತಳಪೊರೆಯನ್ನು ಹೋಲುವ ಒಂದು ಹೊದಿಕೆ ಇತ್ತು. ಆ ರೂಪದಲ್ಲಿದ್ದಾಗ ಕ್ಯಾನ್ಸರ್ ಔಷಧಿಗೂ ಅವು ಬೇಗ ಬಗ್ಗುತ್ತಿರಲಿಲ್ಲ. ಕಿಣ್ವ ಹಾಕಿ ಹೊದಿಕೆಯನ್ನು ಕರಗಿಸಿದರೆ ಟೊಳ್ಳು ಕುಸಿದು ಆಕಾರ ಕೆಡುತ್ತಿತ್ತು. ಬಸಿರಿನಲ್ಲಿ ಮಗುವನ್ನು ಪೊರೆದ ಉಪಾಯವನ್ನೇ ಕ್ಯಾನ್ಸರ್ ತನಗಾಗಿ ಎತ್ತಿಕೊಂಡಂತಿದೆ.

ಇಂದು ಇಂಥ ಪ್ರಬಂಧಗಳ ವಿಧಾನ ವಿಭಾಗದಲ್ಲಿ ನೈತಿಕ ಸಮಿತಿಯ ಅನುಮತಿಯನ್ನೂ ರೋಗಿಗಳ ಲಿಖಿತ ಒಪ್ಪಿಗೆಯನ್ನೂ ಹೇಳುವ ಸಾಲು ಇರುತ್ತದೆ. ಸಾಮಾನ್ಯವಾಗಿ ಒಂದೇ ಸಾಲು. ಓದುವವರು ದಾಟಿ ಹೋಗುತ್ತಾರೆ. ಮಾಲ್‌ನ ಕಾಲದ ದಾಖಲೆಗಳಲ್ಲಿ ಅಂಥ ಸಾಲಿಗೆ ಜಾಗವೇ ಇರಲಿಲ್ಲ. ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಆ ಒಂದು ಸಾಲು ಯಾವಾಗ ಬಂತು, ಯಾರ ಒತ್ತಾಯದಿಂದ ಬಂತು ಎಂಬುದರ ಬಗ್ಗೆ. ಸದ್ಯ ಅದನ್ನೇ ಬರೆಯುತ್ತಿದ್ದೇನೆ.